ಬೆಂಗಳೂರಿನ ಘನತ್ಯಾಜ್ಯ ನಿರ್ವಹಣೆ

ಬೆಂಗಳೂರಿನ ಘನತ್ಯಾಜ್ಯ ನಿರ್ವಹಣೆ ಎಂದರೆ ಕರ್ನಾಟಕದ ರಾಜಧಾನಿಯ ಮನೆ, ಅಂಗಡಿ, ಮಾರುಕಟ್ಟೆ, ಕಚೇರಿ ಹಾಗೂ ಬೀದಿಗಳಲ್ಲಿ ಉಂಟಾಗುವ ಕಸವನ್ನು ವಿಂಗಡಿಸಿ, ಸಂಗ್ರಹಿಸಿ, ಸಾಗಿಸಿ, ಸಂಸ್ಕರಿಸಿ, ಉಳಿದುದನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವ ವ್ಯವಸ್ಥೆ. 2011ರ ಜನಗಣತಿಯಂತೆ ಮಹಾನಗರ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷವಿತ್ತು. ನಗರದಲ್ಲಿ ದಿನವೊಂದಕ್ಕೆ 4,000ದಿಂದ 5,000 ಟನ್ ಕಸ ಉತ್ಪತ್ತಿಯಾಗುತ್ತದೆಂದು ಸಾಮಾನ್ಯವಾಗಿ ಅಂದಾಜಿಸಲಾಗುತ್ತದೆ. 2012ರಲ್ಲಿ ಮಾವಳ್ಳಿಪುರದ ಕಸದ ನೆಲೆ ಮುಚ್ಚಿದಾಗ ಉಂಟಾದ ಬಿಕ್ಕಟ್ಟು ಈ ವ್ಯವಸ್ಥೆಯ ಇತಿಹಾಸದಲ್ಲಿ ಮುಖ್ಯ ತಿರುವಾಯಿತು. ಅದಾದ ಬಳಿಕ ಕಸವನ್ನು ಎಲ್ಲಿ ಸುರಿಯಬೇಕು ಎಂಬ ಪ್ರಶ್ನೆಗಿಂತ, ಅದನ್ನು ಹುಟ್ಟಿದ ಜಾಗದಲ್ಲಿಯೇ ಹೇಗೆ ಬೇರ್ಪಡಿಸಬೇಕು ಎಂಬ ಪ್ರಶ್ನೆ ಮುನ್ನೆಲೆಗೆ ಬಂದಿತು.

ಕಸದ ಸ್ವರೂಪ

ಭಾರತದ ಇತರ ನಗರಗಳಂತೆ ಬೆಂಗಳೂರಿನ ಕಸದಲ್ಲಿಯೂ ಕೊಳೆಯುವ ಪದಾರ್ಥಗಳ ಪ್ರಮಾಣವೇ ಹೆಚ್ಚು. ತರಕಾರಿ ಸಿಪ್ಪೆ, ಉಳಿದ ಅನ್ನ-ಸಾರು, ಹಣ್ಣು, ಹೂವು, ಬಾಳೆ ಎಲೆ, ಮಾಂಸದ ಚೂರು, ಎಳನೀರು ಬುರುಡೆ ಹಾಗೂ ಉದುರಿದ ಎಲೆಗಳು ಒಟ್ಟು ಕಸದ ಅರ್ಧಕ್ಕಿಂತ ಹೆಚ್ಚು ಭಾಗವಾಗಿವೆ. ಉಳಿದ ಭಾಗದಲ್ಲಿ ಕಾಗದ, ರಟ್ಟು, ಪ್ಲಾಸ್ಟಿಕ್, ಗಾಜು, ಲೋಹ, ಬಟ್ಟೆ, ಚರ್ಮ ಮೊದಲಾದವು ಸೇರಿವೆ. ಡಯಾಪರ್, ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜ್, ಅವಧಿ ಮೀರಿದ ಔಷಧ, ಬಲ್ಬ್, ಬ್ಯಾಟರಿ ಮುಂತಾದವುಗಳ ಪ್ರಮಾಣ ಕಡಿಮೆಯಾದರೂ ಅವುಗಳಿಂದ ಆಗುವ ಅಪಾಯ ಹೆಚ್ಚು.

ಈ ಮೂರು ಬಗೆಯ ಕಸ ಒಂದೇ ಬುಟ್ಟಿಯಲ್ಲಿ ಬೆರೆತಾಗ ಪ್ರತಿಯೊಂದರ ಬೆಲೆಯೂ ನಷ್ಟವಾಗುತ್ತದೆ. ಸಾರು ತಾಗಿದ ಕಾಗದವನ್ನು ಗುಜರಿ ಅಂಗಡಿಯವರು ಕೊಳ್ಳುವುದಿಲ್ಲ. ಗಾಜಿನ ಚೂರು ಮತ್ತು ಪ್ಲಾಸ್ಟಿಕ್ ತುಣುಕುಗಳಿರುವ ಗೊಬ್ಬರವನ್ನು ರೈತರು ಹೊಲಕ್ಕೆ ಹಾಕುವುದಿಲ್ಲ. ಒದ್ದೆ ಕಸ ಬೆರೆತ ರಾಶಿಗೆ ಸರಿಯಾಗಿ ಬೆಂಕಿಯೂ ಹತ್ತುವುದಿಲ್ಲ. ಹೀಗಾಗಿ ಬೆರೆತ ಕಸಕ್ಕೆ ಕೊನೆಗೆ ಉಳಿಯುವ ದಾರಿ ಒಂದೇ: ಊರಾಚೆ ಸುರಿಯುವುದು.

ಇತಿಹಾಸ

ಆರಂಭದ ವ್ಯವಸ್ಥೆ

1862ರಲ್ಲಿ ಬೆಂಗಳೂರಿನ ಪೇಟೆ ಹಾಗೂ ದಂಡು ಪ್ರದೇಶಗಳಿಗೆ ಪ್ರತ್ಯೇಕ ಪುರಸಭೆಗಳು ಸ್ಥಾಪನೆಯಾದವು. 1898ರಲ್ಲಿ ನಗರಕ್ಕೆ ತಗುಲಿದ ಪ್ಲೇಗ್ ಪಿಡುಗು ನೈರ್ಮಲ್ಯವನ್ನು ಆಡಳಿತದ ಮುಖ್ಯ ವಿಷಯವನ್ನಾಗಿ ಮಾಡಿತು. 1949ರಲ್ಲಿ ಎರಡೂ ಪುರಸಭೆಗಳು ವಿಲೀನಗೊಂಡು ನಗರ ಪಾಲಿಕೆ ರಚನೆಯಾಯಿತು.

ಕಸದಲ್ಲಿ ಪ್ಲಾಸ್ಟಿಕ್ ಹೆಚ್ಚುವ ಮೊದಲು ನಗರದ ಕಸವನ್ನು ಸುತ್ತಲಿನ ರೈತರು ಗೊಬ್ಬರಕ್ಕಾಗಿ ಬಳಸುತ್ತಿದ್ದರು. ಹಳ್ಳಿಯ ತಿಪ್ಪೆಯಲ್ಲಿ ಆಗುವಂತೆ, ಹೊಲದ ಅಂಚಿನಲ್ಲಿ ಸುರಿದ ಕಸ ಕೊಳೆತು ಮಣ್ಣಿಗೆ ಸೇರುತ್ತಿತ್ತು. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ಕೂಡ್ಲು ಬಳಿಯ ತನ್ನ ಘಟಕದಲ್ಲಿ ನಗರದ ಕಸದಿಂದ ಗೊಬ್ಬರ ತಯಾರಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು.

ಮನೆಬಾಗಿಲಿನಿಂದ ಸಂಗ್ರಹಣೆ

1990ರ ದಶಕದವರೆಗೆ ಬೀದಿ ಬದಿಯ ಸಿಮೆಂಟ್ ತೊಟ್ಟಿಗಳೇ ಕಸ ಸಂಗ್ರಹಣೆಯ ಮುಖ್ಯ ತಾಣಗಳಾಗಿದ್ದವು. 1999ರಲ್ಲಿ ರಚನೆಯಾದ ಬೆಂಗಳೂರು ಕಾರ್ಯಸೂಚಿ ಕಾರ್ಯಪಡೆಯ ಅವಧಿಯಲ್ಲಿ ಪಾಲಿಕೆಯು 'ಸ್ವಚ್ಛ ಬೆಂಗಳೂರು' ಕಾರ್ಯಕ್ರಮವನ್ನು ಆರಂಭಿಸಿ, ತೊಟ್ಟಿಗಳನ್ನು ತೆಗೆದು ಮನೆಬಾಗಿಲಿನಿಂದಲೇ ಕಸ ಪಡೆಯುವ ಪದ್ಧತಿಯನ್ನು ವಿಸ್ತರಿಸಿತು. ಇದರಿಂದ ಬೀದಿಗಳು ಸ್ವಚ್ಛವಾದರೂ ಕಸ ಬೆರೆತೇ ಇರುತ್ತಿತ್ತು. 2007ರಲ್ಲಿ ಸುತ್ತಲಿನ ನಗರಸಭೆಗಳು ಹಾಗೂ ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದ ಮೇಲೆ ಕಸದ ಪ್ರಮಾಣವೂ ಸಾಗಣೆಯ ದೂರವೂ ಹೆಚ್ಚಿದವು.

ಮಾವಳ್ಳಿಪುರ ಮತ್ತು ಮಂಡೂರು

2000ದ ದಶಕದಲ್ಲಿ ನಗರದ ಕಸದ ದೊಡ್ಡ ಪಾಲು ಯಲಹಂಕದ ಆಚೆಗಿನ ಮಾವಳ್ಳಿಪುರ ಹಾಗೂ ಹಳೆ ಮದ್ರಾಸ್ ರಸ್ತೆಯ ಕಡೆಗಿನ ಮಂಡೂರು ಗ್ರಾಮಗಳ ಬಳಿಗೆ ಹೋಗುತ್ತಿತ್ತು. ಸಂಸ್ಕರಣೆಯ ಸಾಮರ್ಥ್ಯಕ್ಕಿಂತ ಹೆಚ್ಚು ಕಸ ಬಂದುದರಿಂದ ಅದು ಗುಡ್ಡಗಳಾಗಿ ಬೆಳೆಯಿತು. ಕೊಳೆತ ಕಸದಿಂದ ಇಳಿಯುವ ಕಪ್ಪು ರಸ ಕೆರೆ-ಬಾವಿಗಳ ನೀರನ್ನು ಕೆಡಿಸುತ್ತಿದೆ ಎಂದು ಗ್ರಾಮಸ್ಥರು ದೂರಿದರು. ದುರ್ವಾಸನೆ, ನೊಣ, ಬೀದಿನಾಯಿಗಳ ಹಾವಳಿ ಮತ್ತು ಆಗಾಗ ಹತ್ತಿಕೊಳ್ಳುವ ಬೆಂಕಿಯ ಹೊಗೆ ದಿನನಿತ್ಯದ ಸಂಕಟಗಳಾಗಿದ್ದವು. ಕಸಕ್ಕೆ ಮುತ್ತುವ ಹಕ್ಕಿಗಳಿಂದ ಯಲಹಂಕ ವಾಯುನೆಲೆಯ ವಿಮಾನಗಳಿಗೆ ಅಪಾಯವಿದೆ ಎಂಬ ಆಕ್ಷೇಪವೂ ಮಾವಳ್ಳಿಪುರದ ವಿಷಯದಲ್ಲಿ ಕೇಳಿಬಂದಿತು.

ಗ್ರಾಮಸ್ಥರ ದೀರ್ಘ ಹೋರಾಟದ ನಂತರ 2012ರ ಜುಲೈನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಂತೆ ಮಾವಳ್ಳಿಪುರ ಮುಚ್ಚಿತು. ಕೆಲವೇ ದಿನಗಳಲ್ಲಿ ನಗರದ ಬೀದಿಗಳಲ್ಲಿ ಕಸದ ರಾಶಿಗಳು ಎದ್ದವು. ಭಾರ ಮಂಡೂರಿನ ಮೇಲೆ ಬಿದ್ದಾಗ ಅಲ್ಲಿಯೂ ಪ್ರತಿಭಟನೆ ತೀವ್ರವಾಯಿತು. 2014ರ ಬೇಸಿಗೆಯಲ್ಲಿ ಗ್ರಾಮಸ್ಥರು ಲಾರಿಗಳನ್ನು ತಡೆದ ಬಳಿಕ ಸರ್ಕಾರ ಗಡುವೊಂದನ್ನು ಒಪ್ಪಿಕೊಂಡಿತು. ಅದರಂತೆ 2014ರ ಡಿಸೆಂಬರ್ 1ರಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ಮುಂದಿನ ವರ್ಷಗಳಲ್ಲಿ ನಗರದ ಉತ್ತರ ಭಾಗದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಮೊದಲಾದ ಕಡೆಗಳ ಹಳೆಯ ಕಲ್ಲು ಕ್ವಾರಿಗಳು ಕಸದ ನೆಲೆಗಳಾದವು. ಒಂದು ಊರಿನ ಸಂಕಟ ಮುಗಿದಾಗ ಇನ್ನೊಂದು ಊರಿನದು ಆರಂಭವಾಗುವ ಈ ಕ್ರಮ ನಗರ ಮತ್ತು ಹಳ್ಳಿಗಳ ನಡುವಿನ ನ್ಯಾಯದ ಪ್ರಶ್ನೆಯಾಗಿ ಚರ್ಚೆಗೊಳಗಾಯಿತು.

ಕಾನೂನಿನ ಚೌಕಟ್ಟು

ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯು ದೇಶದ ಮೊದಲ ನಗರ ಘನತ್ಯಾಜ್ಯ ನಿಯಮಗಳಿಗೆ ದಾರಿಮಾಡಿತು. ಈ ನಿಯಮಗಳು 2000ದಲ್ಲಿ ಪ್ರಕಟವಾದವು. ಅವುಗಳ ಜಾಗದಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮಗಳು, 2016, ಕಸವನ್ನು ಮೂಲದಲ್ಲಿಯೇ ಮೂರು ಬಗೆಯಾಗಿ ವಿಂಗಡಿಸುವುದನ್ನು ಕಸ ಉತ್ಪಾದಿಸುವವರ ಕರ್ತವ್ಯವೆಂದು ಸಾರಿದವು. ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಉತ್ಪಾದಿಸುವ ಸಂಸ್ಥೆಗಳನ್ನು 'ಸಗಟು ಉತ್ಪಾದಕರು' ಎಂದು ಗುರುತಿಸಿ, ಅವರ ಮೇಲೆ ಹೆಚ್ಚಿನ ಹೊಣೆ ಹೊರಿಸಿದವು. ಚಿಂದಿ ಆಯುವವರನ್ನು ಗುರುತಿಸಿ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವುದನ್ನೂ ಸ್ಥಳೀಯ ಸಂಸ್ಥೆಗಳ ಕರ್ತವ್ಯಗಳಲ್ಲಿ ಸೇರಿಸಿದವು.

ನಗರದ ಮಟ್ಟದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2012ರಿಂದ ನಡೆಸಿದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದ ವಿಚಾರಣೆ ಮಹತ್ವದ್ದಾಗಿದೆ. ಪಾಲಿಕೆಯು 2012ರ ಅಕ್ಟೋಬರ್ 1ರಿಂದ ವಿಂಗಡಣೆಯನ್ನು ಕಡ್ಡಾಯಗೊಳಿಸಿತು. ವಾರ್ಡ್‌ಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ತೆರೆಯುವಂತೆ ನ್ಯಾಯಾಲಯ ನಿರ್ದೇಶಿಸಿತು. 2015ರ ಡಿಸೆಂಬರ್‌ನಲ್ಲಿ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಪಾಲಿಸುವಂತೆ ಆದೇಶಿಸಿತು. ರಾಜ್ಯ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಬ್ಯಾನರ್ ಮೊದಲಾದವುಗಳನ್ನು ನಿಷೇಧಿಸಿತು.

ವಿಂಗಡಣೆ ಮತ್ತು ಸಂಗ್ರಹಣೆ

'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯಲ್ಲಿ ಮನೆಯವರು ಕಸವನ್ನು ಹೀಗೆ ಬೇರ್ಪಡಿಸಬೇಕು:

- ಹಸಿರು ಬುಟ್ಟಿ: ಅಡುಗೆಮನೆಯ ಹಸಿ ಕಸ. ಇದಕ್ಕೆ ಪ್ಲಾಸ್ಟಿಕ್ ಚೀಲವನ್ನು ಬಳಸಬಾರದು.
- ಕೆಂಪು ಬುಟ್ಟಿ: ಸ್ಯಾನಿಟರಿ ಹಾಗೂ ಇತರ ತಿರಸ್ಕೃತ ಕಸ. ಸ್ಯಾನಿಟರಿ ಪ್ಯಾಡ್ ಮತ್ತು ಡಯಾಪರ್‌ಗಳನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡಬೇಕು.
- ಚೀಲ: ಕಾಗದ, ಪ್ಲಾಸ್ಟಿಕ್, ಗಾಜು, ಲೋಹ ಮುಂತಾದ ಒಣ ಕಸ. ಹಾಲಿನ ಕವರ್ ಮುಂತಾದವನ್ನು ತೊಳೆದು ಒಣಗಿಸಿ ಹಾಕಬೇಕು.

ಮನೆಗಳ ಕಸವನ್ನು ಆಟೋ ಟಿಪ್ಪರ್‌ಗಳು ಸಂಗ್ರಹಿಸಿ ಕಾಂಪ್ಯಾಕ್ಟರ್ ಲಾರಿಗಳಿಗೆ ತುಂಬುತ್ತವೆ. ಕಾಂಪ್ಯಾಕ್ಟರ್ ಕಸವನ್ನು ಒತ್ತಿ ಗಾತ್ರ ಕುಗ್ಗಿಸುವುದರಿಂದ ಸಾಗಣೆಯ ವೆಚ್ಚ ಕಡಿಮೆಯಾಗುತ್ತದೆ. ಆದರೆ ಕಸ ವಿಂಗಡಣೆಯಾಗದೆ ಬಂದರೆ ಅದೇ ಒತ್ತಡ ಹಸಿ-ಒಣ ಕಸವನ್ನು ಮತ್ತೆ ಬೇರ್ಪಡಿಸಲಾಗದಂತೆ ಬೆರೆಸಿಬಿಡುತ್ತದೆ. ಮನೆಯವರು ವಿಂಗಡಿಸಿ ಕೊಟ್ಟ ಕಸ ವಾಹನದಲ್ಲಿ ಬೆರೆಯುವುದು ಕಣ್ಣಿಗೆ ಬಿದ್ದಾಗ ಅವರು ವಿಂಗಡಣೆಯನ್ನೇ ಕೈಬಿಡುತ್ತಾರೆ. ಆದ್ದರಿಂದ ಮನೆಯ ವಿಂಗಡಣೆ ಮತ್ತು ವಾಹನದ ವಿಂಗಡಣೆ ಒಂದನ್ನೊಂದು ಅವಲಂಬಿಸಿವೆ.

ಆಟೋ ಟಿಪ್ಪರ್ ಬರುವ ಹೊತ್ತಿಗೆ ಕೆಲಸಕ್ಕೆ ಹೊರಟುಹೋಗುವವರು, ಬಾಡಿಗೆ ಕೊಠಡಿಗಳಲ್ಲಿ ವಾಸಿಸುವವರು ಹಾಗೂ ಸಣ್ಣ ಅಂಗಡಿಯವರು ಕಸವನ್ನು ರಸ್ತೆ ತಿರುವುಗಳಲ್ಲಿ, ಖಾಲಿ ನಿವೇಶನಗಳಲ್ಲಿ ಎಸೆಯುವುದುಂಟು. ಇಂತಹ ಜಾಗಗಳನ್ನು ಆಡುಮಾತಿನಲ್ಲಿ 'ಬ್ಲ್ಯಾಕ್ ಸ್ಪಾಟ್' ಎನ್ನುತ್ತಾರೆ. ಅವುಗಳನ್ನು ತಡೆಯಲು ದಂಡ, ಮಾರ್ಷಲ್‌ಗಳ ಗಸ್ತು ಮತ್ತು ಕ್ಯಾಮೆರಾಗಳನ್ನು ಬಳಸಲಾಗಿದೆ. ಜಾಗವನ್ನು ತೊಳೆದು ರಂಗೋಲಿ ಹಾಕುವ ಉಪಾಯವನ್ನೂ ಹಲವೆಡೆ ಅನುಸರಿಸಲಾಗಿದೆ. ಸಂಗ್ರಹಣೆಯ ಸಮಯ ಜನರ ದಿನಚರಿಗೆ ಹೊಂದಿಕೊಳ್ಳದಿದ್ದರೆ ಈ ಕ್ರಮಗಳ ಪರಿಣಾಮ ಹೆಚ್ಚು ಕಾಲ ಉಳಿಯುವುದಿಲ್ಲ.

ಸಂಸ್ಕರಣೆ

ಹಸಿ ಕಸ

ಗೊಬ್ಬರ ತಯಾರಿಕೆಯು ಹಸಿ ಕಸದ ಸಂಸ್ಕರಣೆಯ ಮುಖ್ಯ ವಿಧಾನ. ಉದ್ದನೆಯ ರಾಶಿಗಳಾಗಿ ಹಾಕಿದ ಕಸವನ್ನು ಗಾಳಿಯಾಡುವಂತೆ ಆಗಾಗ ತಿರುವಿಹಾಕಿದಾಗ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸುತ್ತವೆ. ಈ ಹಂತದಲ್ಲಿ ರಾಶಿಯ ಒಳಗಿನ ಉಷ್ಣತೆ 55 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ಬಹುಪಾಲು ರೋಗಕಾರಕಗಳು ಸಾಯುತ್ತವೆ. ಹಸಿ ಕಸದಲ್ಲಿ ನೀರಿನಂಶ ಹೆಚ್ಚಿರುವುದರಿಂದ ಒಣ ಎಲೆ, ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟನ್ನು ಸೇರಿಸಬೇಕಾಗುತ್ತದೆ. ಗಾಳಿ ಸಾಲದೆ ಹೋದರೆ ರಾಶಿ ಹುಳಿಯಾಗಿ ದುರ್ವಾಸನೆ ಬೀರುತ್ತದೆ.

ಗಾಳಿಯಿಲ್ಲದ ತೊಟ್ಟಿಯಲ್ಲಿ ಹಸಿ ಕಸವನ್ನು ಕೊಳೆಯಿಸಿ ಜೈವಿಕ ಅನಿಲ ಪಡೆಯುವುದು ಎರಡನೆಯ ವಿಧಾನ. ಹೋಟೆಲ್ ಮತ್ತು ಮಾರುಕಟ್ಟೆಗಳ ಕಸಕ್ಕೆ ಇದು ಸೂಕ್ತ. ಆದರೆ ಪ್ಲಾಸ್ಟಿಕ್ ಹಾಗೂ ಮರಳು ಸೇರಿದರೆ ಕೊಳವೆಗಳು ಕಟ್ಟಿಕೊಳ್ಳುತ್ತವೆ.

ಮಂಡೂರು ಮುಚ್ಚಿದ ನಂತರ ಕನ್ನಹಳ್ಳಿ, ಸೀಗೇಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಸುಬ್ಬರಾಯನಪಾಳ್ಯ ಮತ್ತು ಚಿಕ್ಕನಾಗಮಂಗಲಗಳಲ್ಲಿ ಸಂಸ್ಕರಣಾ ಘಟಕಗಳನ್ನು ನಡೆಸಲಾಯಿತು. ಬೆರೆತ ಕಸ ಬಂದುದರಿಂದ ಹಾಗೂ ವಾಸನೆ ನಿಯಂತ್ರಣ ಸಾಲದ್ದರಿಂದ ಹಲವೆಡೆ ನಿವಾಸಿಗಳ ವಿರೋಧ ಎದುರಾಯಿತು. ಕೂಡ್ಲಿನ ಹಳೆಯ ಘಟಕದ ಸುತ್ತ ಬಡಾವಣೆಗಳು ಬೆಳೆದ ಮೇಲೆ ಅಲ್ಲಿಯೂ ಇದೇ ದೂರು ಎದ್ದಿತು.

ಇದಕ್ಕೆ ಪರ್ಯಾಯವಾಗಿ ಮನೆ ಹಾಗೂ ವಸತಿ ಸಮುಚ್ಚಯಗಳಲ್ಲಿಯೇ ಗೊಬ್ಬರ ತಯಾರಿಸುವುದನ್ನು ನಾಗರಿಕ ಗುಂಪುಗಳು ಪ್ರಚಾರ ಮಾಡಿವೆ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರದಲ್ಲಿ ಇಂತಹ ವಿಧಾನಗಳ ಪ್ರಾತ್ಯಕ್ಷಿಕೆಗಳಿವೆ. ಮೂರು ತೂತುಳ್ಳ ಮಡಕೆಗಳನ್ನು ಒಂದರ ಮೇಲೊಂದಿಟ್ಟು ಮಾಡುವ ಗೊಬ್ಬರ, ತಾರಸಿ ಹಾಗೂ ಬಾಲ್ಕನಿ ಇರುವ ಮನೆಗಳಿಗೆ ಅನುಕೂಲಕರ.

ಒಣ ಕಸ

ಒಣ ಕಸ ಸಂಗ್ರಹಣಾ ಕೇಂದ್ರಗಳಲ್ಲಿ ಕಸವನ್ನು ಹತ್ತಾರು ಬಗೆಯಾಗಿ ವಿಂಗಡಿಸಿ ಮರುಬಳಕೆ ಉದ್ಯಮಗಳಿಗೆ ಮಾರಲಾಗುತ್ತದೆ. ರಟ್ಟು, ಲೋಹ, ನೀರಿನ ಬಾಟಲಿಗಳಿಗೆ ಒಳ್ಳೆಯ ಬೆಲೆಯಿದೆ. ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ ಮೊದಲಾದ ಹಲವು ಪದರಗಳ ಹೊದಿಕೆಗಳಿಗೆ ಕೊಳ್ಳುವವರು ವಿರಳ. ಅವುಗಳನ್ನು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಇಂಧನವಾಗಿ ಕಳುಹಿಸುವುದುಂಟು. ಪ್ಲಾಸ್ಟಿಕ್ ಹೊದಿಕೆಗಳ ವಿಲೇವಾರಿಯಲ್ಲಿ ತಯಾರಕರೂ ಹೊಣೆ ಹೊರಬೇಕೆಂದು ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016, ಹೇಳುತ್ತವೆ.

ಕಸದಿಂದ ವಿದ್ಯುತ್

ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಸಹಯೋಗದಲ್ಲಿ ದಿನಕ್ಕೆ 600 ಟನ್ ಕಸ ಬಳಸಿ 11.5 ಮೆಗಾವ್ಯಾಟ್ ವಿದ್ಯುತ್ ಉತ್ಪಾದಿಸುವ ಸಾಮರ್ಥ್ಯದ ಘಟಕವನ್ನು ನಿರ್ಮಿಸಲಾಗಿದೆ. ಕಿಲೋ ಒಂದಕ್ಕೆ 1,500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಉಷ್ಣಮೌಲ್ಯವಿರುವ, ಮರುಬಳಕೆಯಾಗದ ಕಸವನ್ನು ಭೂಭರ್ತಿಗೆ ಹಾಕದೆ ಇಂಧನವಾಗಿ ಬಳಸಬೇಕೆಂಬುದು 2016ರ ನಿಯಮ. ಭಾರತದ ನಗರಗಳ ಬೆರೆತ ಕಸ ತೇವಾಂಶದಿಂದಾಗಿ ಅನೇಕ ವೇಳೆ ಈ ಮಟ್ಟವನ್ನು ಮುಟ್ಟುವುದಿಲ್ಲ. ಆದ್ದರಿಂದ ಸುಡುವ ಘಟಕಗಳಿಗೂ ಹಸಿ ಕಸವನ್ನು ಮೊದಲೇ ಬೇರ್ಪಡಿಸುವುದು ಅಗತ್ಯ. ಹೊಗೆಯಲ್ಲಿ ಡಯಾಕ್ಸಿನ್‌ನಂತಹ ವಿಷಗಳು ಸೇರದಂತೆ ಉಷ್ಣತೆಯನ್ನು ಕಾಯ್ದುಕೊಂಡು ಅನಿಲವನ್ನು ಶುದ್ಧೀಕರಿಸಬೇಕಾಗುತ್ತದೆ.

ಕಾರ್ಮಿಕರು

ಬೀದಿ ಗುಡಿಸುವ ಪೌರಕಾರ್ಮಿಕರು, ಆಟೋ ಟಿಪ್ಪರ್ ಚಾಲಕರು ಹಾಗೂ ಸಹಾಯಕರು ಈ ವ್ಯವಸ್ಥೆಯ ಬೆನ್ನೆಲುಬು. ಪೌರಕಾರ್ಮಿಕರಲ್ಲಿ ದಲಿತ ಮಹಿಳೆಯರ ಸಂಖ್ಯೆ ಹೆಚ್ಚು. ಗುತ್ತಿಗೆ ಪದ್ಧತಿಯಲ್ಲಿ ಸಂಬಳದ ವಿಳಂಬ, ಭವಿಷ್ಯ ನಿಧಿಯ ಕೊರತೆ, ಕೈಗವಸು ಹಾಗೂ ಶೌಚಾಲಯದ ಸೌಲಭ್ಯವಿಲ್ಲದಿರುವುದು ಅವರ ದೀರ್ಘಕಾಲದ ದೂರುಗಳಾಗಿದ್ದವು. ಕಾಯಂ ನೌಕರಿಗಾಗಿ 2022ರ ಜುಲೈನಲ್ಲಿ ಅವರು ಮುಷ್ಕರ ಹೂಡಿದರು. 2025ರ ಮೇ ತಿಂಗಳಲ್ಲಿ ಪಾಲಿಕೆಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರಗಳನ್ನು ನೀಡಲಾಯಿತು.

ಪಾಲಿಕೆಯ ಲೆಕ್ಕಕ್ಕೆ ಬಹುಕಾಲ ಸೇರದಿದ್ದ ಇನ್ನೊಂದು ವರ್ಗವೆಂದರೆ ಚಿಂದಿ ಆಯುವವರು. ಅವರು ಬೀದಿಯಿಂದ ಆಯ್ದು ಗುಜರಿ ಅಂಗಡಿಗೆ ಮಾರುವ ವಸ್ತುಗಳು ಪಾಲಿಕೆಯ ಸಾಗಣೆ ವೆಚ್ಚವನ್ನು ಉಳಿಸುತ್ತವೆ. 2011ರಿಂದ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ನೀಡಲು ಆರಂಭಿಸಿತು. 'ಹಸಿರು ದಳ' ಸಂಸ್ಥೆಯು ಈ ಕಾರ್ಮಿಕರನ್ನು ಸಂಘಟಿಸುವ ಕೆಲಸ ಮಾಡುತ್ತಿದ್ದು, ಅನೇಕ ಒಣ ಕಸ ಸಂಗ್ರಹಣಾ ಕೇಂದ್ರಗಳನ್ನು ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ.

ಆಡಳಿತ ಮತ್ತು ಹಣಕಾಸು

ಘನತ್ಯಾಜ್ಯದ ಕೆಲಸಕ್ಕೆಂದೇ 2021ರಲ್ಲಿ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತ ಎಂಬ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು. 2025ರ ಏಪ್ರಿಲ್‌ನಿಂದ ಕಟ್ಟಡದ ವಿಸ್ತೀರ್ಣಕ್ಕೆ ಅನುಗುಣವಾದ ಬಳಕೆದಾರರ ಶುಲ್ಕವನ್ನು ಆಸ್ತಿ ತೆರಿಗೆಯೊಂದಿಗೆ ವಸೂಲಿ ಮಾಡಲಾಗುತ್ತಿದೆ. ಶುಲ್ಕವು ಕಸದ ತೂಕವನ್ನಾಗಲಿ ವಿಂಗಡಣೆಯನ್ನಾಗಲಿ ಅವಲಂಬಿಸಿಲ್ಲದಿರುವುದರಿಂದ, ಕಸ ಕಡಿಮೆ ಮಾಡುವ ಮನೆಗೆ ಇದರಿಂದ ನೇರ ಲಾಭವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು.

ಸವಾಲುಗಳು

ಮಾವಳ್ಳಿಪುರ ಮತ್ತು ಮಂಡೂರುಗಳು ಮುಚ್ಚಿದ್ದರೂ ಅಲ್ಲಿ ಸುರಿದ ಕಸ ತಾನಾಗಿ ಮಾಯವಾಗುವುದಿಲ್ಲ. ಹಳೆಯ ರಾಶಿಯನ್ನು ಅಗೆದು, ಜರಡಿ ಹಿಡಿದು, ಮಣ್ಣು, ಪ್ಲಾಸ್ಟಿಕ್ ಮತ್ತು ಕಲ್ಲುಗಳನ್ನು ಬೇರ್ಪಡಿಸುವ ಜೈವಿಕ ಗಣಿಗಾರಿಕೆ ದುಬಾರಿಯಾದುದು. ಮನೆಯಲ್ಲಿ ಒಂದು ನಿಮಿಷದಲ್ಲಿ ಆಗಬಹುದಾಗಿದ್ದ ವಿಂಗಡಣೆಯನ್ನೇ ಇಲ್ಲಿ ವರ್ಷಗಳ ನಂತರ ಯಂತ್ರಗಳಿಂದ ಮಾಡಿಸಬೇಕಾಗುತ್ತದೆ. ಇದರ ಜೊತೆಗೆ ಕೊಳೆಯುವ ರಾಶಿಗಳಿಂದ ಹೊಮ್ಮುವ ಮೀಥೇನ್, ಕಟ್ಟಡ ಅವಶೇಷಗಳ ಅಕ್ರಮ ಸುರಿತ, ರಾಜಕಾಲುವೆ ಹಾಗೂ ಕೆರೆಗಳಿಗೆ ಸೇರುವ ಪ್ಲಾಸ್ಟಿಕ್ ಮತ್ತು ಹೊಸ ಘಟಕಗಳಿಗೆ ಜಾಗದ ಅಭಾವ ಇಂದಿಗೂ ಉಳಿದಿರುವ ಸಮಸ್ಯೆಗಳಾಗಿವೆ.