ಆಯಸ್ಕಾಂತಕ್ಕೆ ಅಂಟದ ವಾಚಿನಲ್ಲಿ ಚಿನ್ನ ಇದೆಯೇ?

ಮದುವೆ ಸೀಸನ್ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ವರನಿಗೆ ಕೊಡುವ ವಾಚಿನ ಮಾತು ಶುರುವಾಗುತ್ತದೆ. ಅದೇ ಹೊತ್ತಿಗೆ ಮೊಬೈಲಿಗೆ ಬರುವ ಒಂದು ಬಗೆಯ ಫಾರ್ವರ್ಡ್ ಹೀಗಿರುತ್ತದೆ: 'ದುಬೈ ಮಾಲು, ಅರ್ಧ ಸ್ಟೀಲ್ ಅರ್ಧ ಚಿನ್ನದ ರೋಲೆಕ್ಸ್, ಕೆಲವೇ ಸಾವಿರ ರೂಪಾಯಿ. ಆಯಸ್ಕಾಂತ ಹಿಡಿದು ನೋಡಿ, ಅಂಟಲ್ಲ. ಅಸಲಿ ಚಿನ್ನ!'

ಆಯಸ್ಕಾಂತ ಅಂಟುವುದಿಲ್ಲ ಎನ್ನುವುದು ನಿಜವೇ ಇರಬಹುದು. ಆದರೆ ಅದರಿಂದ ಚಿನ್ನ ಸಾಬೀತಾಗುವುದಿಲ್ಲ. ವಾಚಿಗೆ ಸಾಮಾನ್ಯವಾಗಿ ಬಳಸುವ 316ಎಲ್ ಸ್ಟೀಲಿಗೂ, ರೋಲೆಕ್ಸ್ ಬಳಸುವ 904ಎಲ್ ಸ್ಟೀಲಿಗೂ ಆಯಸ್ಕಾಂತ ಹಿಡಿಯುವುದಿಲ್ಲ. ಹಿತ್ತಾಳೆಗೂ ಅಷ್ಟೇ. ಚಿನ್ನದ ಒಂದು ಕಣವೂ ಇಲ್ಲದ ವಾಚು ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ.

ಅಸಲಿ ವಾಚಿನಲ್ಲಿ ಚಿನ್ನ ಎಲ್ಲಿರುತ್ತದೆ? ಗಾಜಿನ ಸುತ್ತಲಿನ ಉಂಗುರ, ಕೀಲಿ ಕೊಡುವ ಗುಂಡಿ ಮತ್ತು ಪಟ್ಟಿಯ ನಡುವಿನ ಕೊಂಡಿಗಳು 18 ಕ್ಯಾರಟ್, ಅಂದರೆ ನೂರಕ್ಕೆ 75 ಭಾಗ ಚಿನ್ನ. ಉಳಿದದ್ದು ಸ್ಟೀಲು. ಈ ಜೋಡಣೆಗೆ ಕಂಪನಿ ಇಟ್ಟ ಹೆಸರು ರೋಲೆಸರ್. ಅಗ್ಗದ ವಾಚಿನಲ್ಲಿ ಇರುವುದು ಬಣ್ಣ, ಇಲ್ಲವೇ ಕೆಲವು ಮೈಕ್ರಾನ್ ಲೇಪನ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಬೆವರಿಗೆ, ಉಜ್ಜಾಟಕ್ಕೆ ಅದು ಸವೆಯುತ್ತದೆ. ಒಳ್ಳೆಯ ಕಂಪನಿಗಳೂ ಲೇಪನದ ವಾಚು ಮಾರುತ್ತವೆ, ಅದರಲ್ಲಿ ತಪ್ಪೇನಿಲ್ಲ. ಲೇಪನವನ್ನೇ ಗಟ್ಟಿ ಚಿನ್ನ ಎನ್ನುವುದು ಮೋಸ.

ಇಷ್ಟಕ್ಕೂ ಇಂಥ ವಾಚಿನ ಬೆಲೆ ಚಿನ್ನದ ತೂಕದಿಂದ ಬರುವುದಲ್ಲ, ಬಹುಪಾಲು ಬ್ರ್ಯಾಂಡಿನಿಂದ. ವಾಚೊಂದಕ್ಕೆ ಲಕ್ಷಗಟ್ಟಲೆ ಬೆಲೆ ಇರುತ್ತದೆ ಎಂದು ಹಲವರಿಗೆ ತಿಳಿದದ್ದೇ 2016ರಲ್ಲಿ. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಉಡುಗೊರೆಯಾಗಿ ಬಂದ ಹ್ಯೂಬ್ಲೋ ವಾಚನ್ನು ವಿವಾದದ ನಂತರ ವಿಧಾನಸಭೆಯ ಸ್ಪೀಕರ್‌ಗೆ ಒಪ್ಪಿಸಿದ್ದರು.

'ಹಾಲ್‌ಮಾರ್ಕ್ ಇಲ್ಲದಿದ್ದರೆ ನಕಲಿ' ಎಂಬ ಮಾತೂ ಪೂರ್ತಿ ಸರಿಯಲ್ಲ. 2021ರ ಜೂನ್‌ನಲ್ಲಿ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾದಾಗ ವಾಚುಗಳಿಗೆ ವಿನಾಯಿತಿ ಕೊಡಲಾಯಿತು. ಹಾಗೆಂದು '750' ಅಚ್ಚು ಕಂಡ ಕೂಡಲೇ ನಂಬಬೇಡಿ, ಅಚ್ಚು ಒತ್ತುವುದು ನಕಲಿ ಮಾಡುವವರಿಗೆ ಕಷ್ಟವಲ್ಲ. ಚಿನ್ನದಂಗಡಿಯ ಕ್ಯಾರಟ್ ಮೆಷಿನ್ ಕೂಡ ನೋಡುವುದು ಮೇಲ್ಪದರವನ್ನು. ಲೇಪನ ದಪ್ಪಗಿದ್ದರೆ ಅದೂ ಏಮಾರಬಹುದು. ಆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬಿಚ್ಚಿಸಿ ನೋಡುವುದೇ ಖಾತ್ರಿಯಾದ ದಾರಿ.

ಫಾರ್ವರ್ಡಿನಲ್ಲಿ ಇನ್ನೊಂದು ಸಾಲು ಇರುತ್ತದೆ: 'ಪ್ರಪಂಚದ ಎಲ್ಲ ದೇಶದ ಟೈಮ್ ತೋರಿಸುತ್ತದೆ.' 1955ರಲ್ಲಿ ಪ್ಯಾನ್ ಆ್ಯಮ್ ವಿಮಾನ ಸಂಸ್ಥೆಯ ಪೈಲಟ್‌ಗಳಿಗಾಗಿ ಬಂದ ಜಿಎಂಟಿ ಮಾಸ್ಟರ್‌ನಲ್ಲಿ 24 ಗಂಟೆಗೆ ಒಂದು ಸುತ್ತು ಬರುವ ಹೆಚ್ಚುವರಿ ಮುಳ್ಳಿತ್ತು. ಈಗಿನ ಜಿಎಂಟಿ ಮಾಸ್ಟರ್ 2ರಲ್ಲಿ ಗಂಟೆ ಮುಳ್ಳನ್ನು ಬೇರೆಯಾಗಿ ತಿರುಗಿಸಬಹುದು, ಆದರೆ ಅದು ಒಂದೊಂದು ಗಂಟೆಯಂತೆ ಮಾತ್ರ ಜಿಗಿಯುತ್ತದೆ. ನಮ್ಮ ಸಮಯವೋ ಐದೂವರೆ ಗಂಟೆ ಮುಂದೆ. ಮಂಡ್ಯದಲ್ಲಿ ಮಧ್ಯಾಹ್ನ 3 ಆದಾಗ ದುಬೈನಲ್ಲಿ 1:30. ಅಸಲಿ ವಾಚಿನಲ್ಲೂ ಆ ಮುಳ್ಳನ್ನು 13 ಅಥವಾ 14ಕ್ಕೆ ಹೊಂದಿಸಿಕೊಂಡು, ಅರ್ಧ ಗಂಟೆಯ ಲೆಕ್ಕವನ್ನು ನಾವೇ ಹಾಕಿಕೊಳ್ಳಬೇಕು. ನಕಲಿಗಳಲ್ಲಂತೂ ಕೆಲವೊಮ್ಮೆ ಆ ಮುಳ್ಳನ್ನು ಬೇರೆ ಸಮಯಕ್ಕೆ ಹೊಂದಿಸಲೂ ಆಗುವುದಿಲ್ಲ.

ಇಂಥ ಫಾರ್ವರ್ಡ್ ನಂಬಿ ಈಗಾಗಲೇ ಆನ್‌ಲೈನ್‌ನಲ್ಲಿ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಚಾಟ್, ಮಾರಿದವರ ನಂಬರ್, ಹಣ ಹೋದ ಯುಪಿಐ ವಿವರ ಯಾವುದನ್ನೂ ಅಳಿಸಬೇಡಿ.