ಕಲಿತಷ್ಟು ಮೇಲಿನ ತರಗತಿ: 1823ರ ಬಳ್ಳಾರಿ ಶಾಲೆಗಳು

ಒಂದೇ ಕ್ಲಾಸಲ್ಲಿ ಬೇರೆ ಬೇರೆ ವೇಗದ ಮಕ್ಕಳು. ಈ ತಲೆನೋವು ಹೊಸದಲ್ಲ.

ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1823ರಲ್ಲಿ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಜಿಲ್ಲೆಯ 533 ಶಾಲೆಗಳ ಬಗ್ಗೆ ವರದಿ ಬರೆದ. ಸಾಮಾನ್ಯವಾಗಿ ನಾಲ್ಕು ತರಗತಿ. ಹುಡುಗ ಎಷ್ಟು ಕಲಿತ ಅಂತ ನೋಡಿ ಮುಂದಿನದಕ್ಕೆ. ಚಿಕ್ಕವರು ಮರಳಲ್ಲಿ ಬೆರಳಾಡಿಸಿ ಅಕ್ಷರ ತಿದ್ದೋರು. ಮುಂದಿದ್ದವರೇ ಹಿಂದಿದ್ದವರಿಗೆ ಹೇಳಿಕೊಡೋರು, ಹಾಗೆ ಹೇಳಿಕೊಡ್ತಾ ತಮ್ಮ ಪಾಠವೂ ಗಟ್ಟಿಯಾಗೋದು. ಐಗಳ ಕಣ್ಣು ಎಲ್ಲರ ಮೇಲೂ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಸರಿಯಾಗಿದೆ ಅಂತ ಕ್ಯಾಂಬೆಲ್ಲೇ ಮೆಚ್ಚಿದ್ದಾನೆ. (ಚೆನ್ನೈಯವರೇ, ಆ್ಯಂಡ್ರೂ ಬೆಲ್ ಇದನ್ನು ಮೊದಲು ಪ್ರಯೋಗಿಸಿದ್ದು ನಿಮ್ಮ ಎಗ್ಮೋರಲ್ಲೇ.)

ಹಾಗಂತ ಬೀಗೋದು ಬೇಡ: 6,641 ಮಕ್ಕಳಲ್ಲಿ ಹುಡುಗಿಯರು ಬರೀ 60. ಆ ಶಾಲೆಗಳೂ ಮುಚ್ಚುತ್ತಿದ್ದವು. ವಿಲಾಯತಿ ಬಟ್ಟೆ ಬಂದು ನೇಕಾರರ ಕಸುಬು ಕುಸಿದಿತ್ತು. ಕೈಕಾಲಲ್ಲಿ ಒಂದಿಷ್ಟು ಕಸುವು ಬಂದ ಕೂಡಲೇ ಮಕ್ಕಳು ದುಡಿಮೆಗೆ ಹೋಗಬೇಕಿತ್ತು.