ಒಂದು ಪೇಟೆಂಟ್, ಎರಡು ನ್ಯಾಯಪೀಠ: ಜರ್ಮನಿಯ ವ್ಯಾಜ್ಯಪರಂಪರೆ

ಉದ್ಯಮಿ ವೆರ್ನರ್ ಸೀಮೆನ್ಸ್ ಮೊದಲಾದವರ ಒತ್ತಾಯದ ಫಲವಾಗಿ 1877ರಲ್ಲಿ ಜರ್ಮನ್ ಸಾಮ್ರಾಜ್ಯಕ್ಕೆ ಏಕರೂಪದ ಪೇಟೆಂಟ್ ಕಾಯಿದೆ ದೊರೆಯಿತು. ಪೇಟೆಂಟಿನ ಉಲ್ಲಂಘನೆಯನ್ನು ಸಾಮಾನ್ಯ ನ್ಯಾಯಾಲಯಗಳು, ಅದರ ಸಿಂಧುತ್ವವನ್ನು ಬರ್ಲಿನ್ನಿನ ಪೇಟೆಂಟ್ ಕಚೇರಿ ನಿರ್ಣಯಿಸುವ ಪದ್ಧತಿ ಅಂದೇ ಬೇರೂರಿತು. 1961ರಲ್ಲಿ ಸಿಂಧುತ್ವದ ವಿಚಾರಣೆಯು ಮ್ಯೂನಿಕ್ಕಿನ ನೂತನ ಫೆಡರಲ್ ಪೇಟೆಂಟ್ ನ್ಯಾಯಾಲಯಕ್ಕೆ ವರ್ಗವಾಯಿತಾದರೂ ಈ ವಿಭಜನೆ ಅಳಿಯಲಿಲ್ಲ.

ವಕೀಲಿ ವೃತ್ತಿಯ ಸ್ವರೂಪವನ್ನೂ ಇದು ರೂಪಿಸಿತು. ಡಸೆಲ್‌ಡಾರ್ಫ್, ಮ್ಯಾನ್‌ಹೈಮ್, ಮ್ಯೂನಿಕ್ ನ್ಯಾಯಾಲಯಗಳ ಉಲ್ಲಂಘನಾ ದಾವೆಗಳಲ್ಲಿ ಕಾನೂನು ಓದಿದ ವಕೀಲರೂ ವಿಜ್ಞಾನ ಅಥವಾ ತಂತ್ರಜ್ಞಾನ ಓದಿದ ಪೇಟೆಂಟ್ ವಕೀಲರೂ ಜೊತೆಗೂಡಿ ವಾದ ಸಿದ್ಧಪಡಿಸುವ ಪರಿಪಾಟ ಬೆಳೆಯಿತು. ಉಲ್ಲಂಘನೆಯ ತೀರ್ಪು ಅನೇಕ ವೇಳೆ ಮೊದಲೇ ಹೊರಬೀಳುತ್ತಿದ್ದುದರಿಂದ ವಾದಿಗೆ ಅನುಕೂಲವಾಯಿತು. ಮುಂದೆ ಅಸಿಂಧುವೆನಿಸಬಹುದಾದ ಪೇಟೆಂಟಿನ ಬಲದಿಂದಲೇ ಪ್ರತಿವಾದಿಯ ಉತ್ಪಾದನೆಗೆ ತಡೆಯಾಜ್ಞೆ ಬರುವ ಅಪಾಯವೂ ಉಳಿಯಿತು. ತಡೆಯಾಜ್ಞೆಯು ಮಿತಿಮೀರಿದ ಸಂಕಷ್ಟ ತರುವಂತಿದ್ದರೆ ಅದನ್ನು ನಿರಾಕರಿಸಬಹುದೆಂದು 2021ರ ತಿದ್ದುಪಡಿ ಸ್ಪಷ್ಟಪಡಿಸಿತು.

1973ರ ಯುರೋಪಿಯನ್ ಪೇಟೆಂಟ್ ಒಪ್ಪಂದವು ಹಲವು ದೇಶಗಳ ಪೇಟೆಂಟನ್ನು ಒಂದೇ ಅರ್ಜಿಯಿಂದ ಪಡೆಯುವ ದಾರಿ ತೆರೆಯಿತು. ಉಲ್ಲಂಘನೆಯ ದಾವೆಗಳು ಮಾತ್ರ ಆಯಾ ದೇಶದ ನ್ಯಾಯಾಲಯಗಳಲ್ಲೇ ಉಳಿದವು. 2023ರ ಜೂನ್ 1ರಂದು ಕಾರ್ಯಾರಂಭ ಮಾಡಿದ ಏಕೀಕೃತ ಪೇಟೆಂಟ್ ನ್ಯಾಯಾಲಯವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಅದರ ನಾಲ್ಕು ಸ್ಥಳೀಯ ವಿಭಾಗಗಳು ಜರ್ಮನಿಯಲ್ಲಿವೆ. ಅಲ್ಲಿ ಉಲ್ಲಂಘನೆ, ಸಿಂಧುತ್ವಗಳೆರಡನ್ನೂ ಒಂದೇ ಪೀಠ ವಿಚಾರಿಸಬಹುದು. ಸಿಂಧುತ್ವವನ್ನು ಕೇಂದ್ರ ವಿಭಾಗಕ್ಕೆ ಒಪ್ಪಿಸಲೂಬಹುದು. ಹೀಗೆ 1877ರ ವಿಭಜನೆಯು ಹೊಸ ವ್ಯವಸ್ಥೆಯಲ್ಲಿ ನಿಯಮವಾಗಿ ಅಲ್ಲದಿದ್ದರೂ ವಿಕಲ್ಪವಾಗಿ ಉಳಿದುಕೊಂಡಿದೆ.